ಒಂದೇ ಮನೆಗೆ ನಾಲ್ವರು ಏಜೆಂಟರು

ಆ ಮನೆಯ ಚಿತ್ರಗಳು, ಕೊಳ್ಳಲು ಮನೆ ಹುಡುಕುತ್ತಿದ್ದ ನನ್ನ ಮೊಬೈಲಿಗೆ ಮೂವರು ಏಜೆಂಟರಿಂದ ಬಂದವು, ಮೂರು ಬೆಲೆ ಹೊತ್ತುಕೊಂಡು. ಬೆಂಗಳೂರಿನ ಬನಶಂಕರಿ ಮೂರನೇ ಹಂತ, ಮೂವತ್ತು-ನಲವತ್ತು ಅಡಿಯ ನಿವೇಶನ, ಪೂರ್ವದ ಬಾಗಿಲು, ಬಿಡಿಎ ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆ, ಪಾಲಿಕೆಯ ಲೆಕ್ಕದಲ್ಲಿ ಸಕ್ರಮವೆನ್ನುವ ಎ ಖಾತಾ. ಒಬ್ಬರು ಎರಡು ಕೋಟಿ ಹತ್ತು ಲಕ್ಷ ಎಂದರು, ಇನ್ನೊಬ್ಬರು ಎರಡು ಇಪ್ಪತ್ತೈದು, ಮತ್ತೊಬ್ಬರು ಎರಡು ನಲವತ್ತು. ವಿಳಾಸ ಯಾರೂ ಕೊಟ್ಟಿರಲಿಲ್ಲ, ಕೊಡುವುದೂ ಇಲ್ಲ. ‘ದೇವಸ್ಥಾನಕ್ಕೆ ಹತ್ತಿರ’, ‘ಮುಖ್ಯರಸ್ತೆಯಿಂದ ಎರಡನೇ ತಿರುವು’ ಎನ್ನುವಷ್ಟಕ್ಕೆ ನಿಲ್ಲಿಸುತ್ತಾರೆ. ಮೂರೂ ಒಂದೇ ಮನೆಯೆಂದು ಹೇಳಿದ್ದು ಅಂಗಳದ ತುಳಸಿಕಟ್ಟೆ. ಅದರ ಪಕ್ಕದಲ್ಲಿ ನೀರು ತುಂಬಿಡುವ ನೀಲಿ ಡ್ರಮ್ಮು, ಡ್ರಮ್ಮಿನ ಮೇಲೆ ಮುಚ್ಚಳದ ಬದಲಿಗೆ ಹಳೆಯದೊಂದು ಕೇರಂ ಬೋರ್ಡು. ಒಬ್ಬರು ಡ್ರಮ್ಮು ಅರ್ಧ ಕಾಣುವಂತೆ ಚಿತ್ರವನ್ನು ಕತ್ತರಿಸಿದ್ದರು. ಇನ್ನೊಬ್ಬರು ಗೋಡೆ ಹೊಸದಾಗಿ ಕಾಣಲೆಂದು ಬಣ್ಣ ಏರಿಸಲು ಹೋಗಿ ತುಳಸಿಯನ್ನು ಪಾಚಿಯ ಬಣ್ಣಕ್ಕೆ ತಂದಿದ್ದರು. ಮೂರನೆಯವರು ಕೇರಂ ಬೋರ್ಡಿನ ಮೇಲೆಯೇ ತಮ್ಮ ಫೋನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಂಟಿಸಿದ್ದರು. ಅದರ ಅಡಿಯಿಂದ ಬೇರೆ ಯಾರದೋ ಸಂಖ್ಯೆಯ ಕೊನೆಯ ಅಂಕಿಗಳು ಇಣುಕುತ್ತಿದ್ದವು.

ಒಂದೇ ಮನೆಯನ್ನು ಹಲವರು ಮಾರಾಟಕ್ಕೆ ಇಟ್ಟುಕೊಂಡಿದ್ದಾರೆಂದರೆ ಕೊಳ್ಳುವವನಿಗೆ ಹಬ್ಬ ಎಂದು ನನ್ನ ಸ್ನೇಹಿತರು ಹೇಳಿದರು. ಪೈಪೋಟಿ ಇದ್ದರೆ ಬೆಲೆ ಇಳಿಯಲೇಬೇಕಲ್ಲ ಎನ್ನುವ ಲೆಕ್ಕ. ಆದರೆ ಈ ಪೈಪೋಟಿ ನಡೆಯುವುದು ಬೆಲೆಗಾಗಿ ಅಲ್ಲ, ಗಿರಾಕಿಗಾಗಿ. ಮನೆ ಏಜೆಂಟರದಲ್ಲ, ಬೆಲೆ ಇಳಿಸುವ ಅಧಿಕಾರ ಅವರಿಗಿಲ್ಲ, ಇಳಿದರೆ ಅವರಿಗೇ ನಷ್ಟ. ಅವರ ಕೈಯಲ್ಲಿರುವ ಸರಕು ‘ಮೊದಲು ತೋರಿಸಿದ್ದು ನಾನು’ ಎಂಬ ಒಂದು ಮಾತು ಮಾತ್ರ. ಅದಕ್ಕಾಗಿಯೇ ವಿಳಾಸ ಮುಚ್ಚಿಡುವುದು, ಅದಕ್ಕಾಗಿಯೇ ಒಬ್ಬರ ಸಂಖ್ಯೆಯ ಮೇಲೆ ಇನ್ನೊಬ್ಬರ ಸಂಖ್ಯೆ.

ಬೆಲೆ ಬೇರೆಬೇರೆ ಇರುವುದಕ್ಕೆ ಮಾರುಕಟ್ಟೆಯಲ್ಲಿ ಓಡಾಡಿದವರೆಲ್ಲರಿಗೂ ಗೊತ್ತಿರುವ ಕಾರಣಗಳಿವೆ. ಕೆಲವು ಮಾಲೀಕರು ‘ನನ್ನ ಕೈಗೆ ಇಷ್ಟು ಬರಲಿ, ಮೇಲೆ ಬಂದದ್ದು ನಿಮ್ಮದು’ ಎಂದು ಬಿಟ್ಟುಬಿಡುತ್ತಾರೆ. ಆಗ ಮೇಲಿನ ಮೊತ್ತ ಏಜೆಂಟನ ಧೈರ್ಯವನ್ನು ಅವಲಂಬಿಸಿರುತ್ತದೆ. ಕೆಲವು ಬೆಲೆಗಳಲ್ಲಿ ಒಂದು ಪಾಲು ನಗದಾಗಿ ಕೊಡಬೇಕೆಂಬ ಷರತ್ತು ಅಡಗಿರುತ್ತದೆ. ಇನ್ನು ಕೆಲವರು ಚೌಕಾಶಿಗೆಂದೇ ಹತ್ತು ಲಕ್ಷ ಸೇರಿಸಿ ಹೇಳುತ್ತಾರೆ. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಮೂವತ್ತು ಲಕ್ಷದ ಅಂತರ ನನಗೆ ಅರ್ಥವಾಗಲಿಲ್ಲ. ಮನೆ ಇಷ್ಟವಾಗಿತ್ತು. ಹೆಂಡತಿಗೆ ಇನ್ನೂ ಹೆಚ್ಚು ಇಷ್ಟವಾಗಿತ್ತು. ಹಾಗಾಗಿ ಅರ್ಥವಾಗದ್ದನ್ನು ಅಲ್ಲಿಗೇ ಬಿಟ್ಟು ಬೇರೆ ಮನೆ ನೋಡುವ ವಿವೇಕ ಇಬ್ಬರಿಗೂ ಬರಲಿಲ್ಲ.

ತೋರಿಸಿದವರ ಹಕ್ಕು

ಮೊದಲು ಕರೆದುಕೊಂಡು ಹೋದವರು ಅದೇ ಬಡಾವಣೆಯ ಝೆರಾಕ್ಸ್ ಅಂಗಡಿಯವರು. ಇಂಥವರು ನಮ್ಮ ಊರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಮುಂದೆ ಪ್ರಿಂಟಿಂಗ್, ಲ್ಯಾಮಿನೇಷನ್, ಮೊಬೈಲ್ ರೀಚಾರ್ಜ್, ಒಳಗೆ ಬಾಡಿಗೆ ಮನೆ, ನಿವೇಶನ, ಮದುವೆ ಸಂಬಂಧ. ಮನೆಯ ಗೇಟು ತೆಗೆಯುವ ಮೊದಲು ಅವರು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಹೆಸರು, ಫೋನ್ ಸಂಖ್ಯೆ, ತಾರೀಖು ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಹಿಂದಿನ ಪುಟಗಳಲ್ಲಿ ಎಷ್ಟೋ ಜನರ ಸಹಿ. ಆಮೇಲೆ ತಗ್ಗಿದ ದನಿಯಲ್ಲಿ, “ಒಳಗೆ ಅಮ್ಮ ಒಬ್ಬರೇ ಇದ್ದಾರೆ, ಅವರ ಹತ್ತಿರ ಬೆಲೆಯ ಮಾತು ಎತ್ತಬೇಡಿ” ಎಂದರು. ಕಾಗದಪತ್ರ ತೋರಿಸಿ ಎಂದರೆ, ಟೋಕನ್, ಅಂದರೆ ಮನೆಯನ್ನು ಹಿಡಿದಿಡುವ ಸಣ್ಣ ಮುಂಗಡ, ಕೊಟ್ಟ ಮೇಲೆ ಎಂಬ ಉತ್ತರ. ಆದರೆ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊರಡುವಾಗ, ನಾನು ಕೇಳದೆಯೇ, ಮೂಲೆಯ ಮೋರಿಯತ್ತ ಕೈ ತೋರಿಸಿ, “ಜೋರು ಮಳೆಗೆ ಅದು ಉಕ್ಕುತ್ತದೆ, ಈ ಮನೆಯ ಗೇಟಿನವರೆಗೆ ಬರುತ್ತದೆ, ಒಳಗೆ ಬಂದದ್ದು ನಾನು ನೋಡಿಲ್ಲ” ಎಂದರು. ಉಳಿದ ಮೂವರಲ್ಲಿ ಒಬ್ಬರೂ ಆ ಮೋರಿಯ ವಿಷಯ ಎತ್ತಲಿಲ್ಲ. ಇಬ್ಬರಿಗೆ ಅದು ಗೊತ್ತೇ ಇರಲಿಲ್ಲ ಎಂದು ನನ್ನ ಅನುಮಾನ.

ಕಾಗದ ನೋಡದೆ ಟೋಕನ್ ಕೊಡುವುದಿಲ್ಲ ಎಂದು ನಾನು, ಟೋಕನ್ ಇಲ್ಲದೆ ಕಾಗದ ತೋರಿಸುವುದಿಲ್ಲ ಎಂದು ಅವರು. ಹೀಗೆ ಒಂದಷ್ಟು ದಿನ ಕಳೆದವು. ಅಷ್ಟರಲ್ಲಿ ಎರಡು ಇಪ್ಪತ್ತೈದು ಎಂದಿದ್ದವರು ಫೋನ್ ಮಾಡಿ, ಕಾಗದಗಳ ಪ್ರತಿ ತಮ್ಮ ಬಳಿ ಇದೆ, ಮನೆ ನೋಡಲು ಬಂದರೆ ಕೈಗೇ ಕೊಡುತ್ತೇನೆ ಎಂದರು. ನೋಡಿದ ಮನೆಯನ್ನು ನೋಡದವರಂತೆ ನೋಡಲು ಹೋದೆವು. ಇದು ಸರಿಯೇ ಎಂದು ಹೆಂಡತಿ ದಾರಿಯುದ್ದಕ್ಕೂ ಕೇಳಿದಳು. ಝೆರಾಕ್ಸ್ ಅಂಗಡಿಯ ಪುಸ್ತಕದಲ್ಲಿ ನನ್ನ ಸಹಿ ಇರುವುದು ಮನೆ ನೋಡಿದೆ ಎಂಬುದಕ್ಕೆ, ಇನ್ನೊಬ್ಬರ ಜೊತೆ ಬರುವುದಿಲ್ಲ ಎಂಬುದಕ್ಕಲ್ಲ ಎಂದು ವಾದಿಸಿದೆ. ವಾದ ಸರಿಯಾಗಿತ್ತು. ಆದರೂ ಅವರ ಅಂಗಡಿಯ ಮುಂದೆ ಹಾದುಹೋಗದ ರಸ್ತೆಯನ್ನು ಆರಿಸಿಕೊಂಡೆ.

ಇವರು ನಿವೃತ್ತ ಗುಮಾಸ್ತರಂತೆ ಇದ್ದರು. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಗೇಟು ತೆರೆದು ನಮ್ಮನ್ನು ಒಳಗೆ ಬಿಟ್ಟು, “ಮೊದಲ ಸಲ ಬರುತ್ತಿದ್ದಾರೆ ಅಮ್ಮ, ನಿಧಾನವಾಗಿ ತೋರಿಸಿ” ಎಂದರು. ಆ ತಾಯಿ ನಮ್ಮಿಬ್ಬರ ಮುಖವನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಹಾಲು, ಅಡುಗೆಮನೆ, ದೇವರಮನೆ ಎಲ್ಲ ಮುಗಿಯುವವರೆಗೂ ಸುಮ್ಮನಿದ್ದು, ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟು, ನನ್ನ ಹೆಂಡತಿಯನ್ನು ಕೇಳಿದರು: “ಆವತ್ತು ಬಂದಾಗ ಹಿತ್ತಲಿನ ನಲ್ಲಿ ನೋಡಲಿಲ್ಲವಲ್ಲಮ್ಮ, ಈಗ ನೋಡಿಬಿಡಿ, ಕಾವೇರಿ ನೀರು ಅಲ್ಲಿಗೇ ಬರುವುದು.” ಗುಮಾಸ್ತರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ರಸ್ತೆಗೆ ಬಂದ ಮೇಲೆ ಅವರೇ ಶುರು ಮಾಡಿದರು. ಕೋಪ ಇರಲಿಲ್ಲ. “ಝೆರಾಕ್ಸಿನವರ ಜೊತೆ ಬಂದಿದ್ದಿರೋ?” ಎಂದರು. ಹೌದೆಂದೆ. “ಅವರು ದೊಡ್ಡ ಮಗನ ಕಡೆಯವರು. ನಾನು ಮಗಳ ಕಡೆ. ಜಯನಗರದ ಆಫೀಸಿನವರು ಚಿಕ್ಕ ಮಗನ ಕಡೆ.” ಮದುವೆಮನೆಯ ಬಾಗಿಲಲ್ಲಿ ನಿಂತು ಬೀಗರನ್ನು ಗುರುತಿಸಿಕೊಡುವ ಧಾಟಿಯಲ್ಲಿ ಇಷ್ಟು ಹೇಳಿ, ಫೈಲನ್ನು ನನ್ನ ಕೈಗಿಟ್ಟರು. ಮೂರು ಬೆಲೆಗಳ ಲೆಕ್ಕ ನನಗೆ ಬಿಡಿಸಿಕೊಂಡದ್ದು ಅಲ್ಲಿ, ಆ ಮೋರಿಯ ಪಕ್ಕದಲ್ಲಿ.

ಏಜೆಂಟರ ಹಿಂದೆ ಮಕ್ಕಳು

ಮನೆ ಕಟ್ಟಿಸಿದ ಯಜಮಾನರು ಮರಣಶಾಸನ ಬರೆಯದೆ ತೀರಿಕೊಂಡಿದ್ದರು. ಅದು ಅವರ ಸ್ವಯಾರ್ಜಿತ ಆಸ್ತಿ. ಬಿಡಿಎ ನಿವೇಶನ, ಶುದ್ಧ ಕ್ರಯಪತ್ರ ಅವರ ಹೆಸರಿನಲ್ಲೇ ಆಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಂಥ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಇದಕ್ಕೆ 2005ರ ತಿದ್ದುಪಡಿ ಬೇಕಾಗಿಲ್ಲ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ವಿಷಯ. ತಂದೆಯ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಮೊದಲಿನಿಂದಲೂ ಪಾಲಿದೆ. ಅಂದರೆ ಈ ಮನೆಗೆ ನಾಲ್ವರು ಮಾಲೀಕರು, ಒಬ್ಬೊಬ್ಬರದು ಕಾಲು ಭಾಗ. ಆದರೆ ಕಾಯ್ದೆಯಲ್ಲಿ ಇರುವುದು ಬೇರೆ, ಊಟದ ಮೇಜಿನಲ್ಲಿ ನಡೆಯುವುದು ಬೇರೆ. ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಒಂದು ಮೊತ್ತ ತೆಗೆದುಕೊಂಡು ಹೋಗಲಿ ಎಂಬುದು ಅಣ್ಣಂದಿರ ಆಸೆ. ಕರ್ನಾಟಕದ ಉಪನೋಂದಣಿ ಕಚೇರಿಗಳಲ್ಲಿ ಇದೊಂದು ದಿನನಿತ್ಯದ ದೃಶ್ಯ. ತಂಗಿ ತುಮಕೂರಿನಿಂದ ಬಂದು ಸಹಿ ಹಾಕಿ, ಅರಿಶಿನ ಕುಂಕುಮ, ಸೀರೆ, ಒಂದು ಚೆಕ್ಕು ಪಡೆದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಾಳೆ.

ಈಕೆ ಸಹಿ ಹಾಕಿರಲಿಲ್ಲ. ಅಣ್ಣಂದಿರು ಹೇಳಿದ ಬೆಲೆ ನಿಜವೇ ಎಂದು ತಿಳಿಯಲು ತನ್ನದೇ ಒಬ್ಬ ಏಜೆಂಟನನ್ನು ಗೊತ್ತು ಮಾಡಿದ್ದಳು. ದೊಡ್ಡವನು ಬೇರೆಡೆ ಅಪಾರ್ಟ್‌ಮೆಂಟ್ ಗೊತ್ತು ಮಾಡಿ ಮುಂಗಡ ಕೊಟ್ಟಿದ್ದ. ಅವನಿಗೆ ಅವಸರ, ಒಂದಿಷ್ಟು ನಗದೂ ಬೇಕು. ಅದಕ್ಕೇ ಎರಡು ಹತ್ತು. ಪುಣೆಯಲ್ಲಿರುವ ಚಿಕ್ಕವನಿಗೆ ಅವಸರವಿಲ್ಲ. ಅವನು ರಾತ್ರಿ ಹೊತ್ತು ಜಾಲತಾಣಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ಹಾಕಿರುವ ಬೆಲೆ ನೋಡುತ್ತಾನೆ. ಹಾಕಿದ ಬೆಲೆಗೂ ಮಾರಿದ ಬೆಲೆಗೂ ಇರುವ ದೂರ ಅಲ್ಲಿ ಕಾಣಿಸುವುದಿಲ್ಲ. ಅದಕ್ಕೇ ಎರಡು ನಲವತ್ತು. ತಂಗಿಯದು ಎರಡು ಇಪ್ಪತ್ತೈದು, ಪೂರ್ತಿ ಬ್ಯಾಂಕಿನ ಮೂಲಕ. ಅವಳ ಬೆಲೆಯಲ್ಲಿ ಮಾತ್ರ ನಗದಿನ ಮಾತಿರಲಿಲ್ಲ. ಕಾರಣ ಸರಳ: ನಗದಾಗಿ ಬಂದದ್ದರಲ್ಲಿ ತನ್ನ ಪಾಲು ತನಗೆ ಬರುತ್ತದೆಂದು ಅವಳಿಗೆ ನಂಬಿಕೆ ಇರಲಿಲ್ಲ.

ಹೀಗಾಗಿ ಈಗ ಯಾರಾದರೂ ಒಂದು ಮನೆ ತೋರಿಸಿ, ಇದನ್ನು ಐದಾರು ಜನ ಏಜೆಂಟರು ಇಟ್ಟುಕೊಂಡಿದ್ದಾರೆ ಎಂದರೆ ನಾನು ಮಾರುಕಟ್ಟೆಯ ಬಗ್ಗೆ ಯೋಚಿಸುವುದಿಲ್ಲ, ಮನೆಯೊಳಗಿನವರ ಬಗ್ಗೆ ಯೋಚಿಸುತ್ತೇನೆ. ಎಲ್ಲ ಸಲವೂ ದಾಯಾದಿಗಳ ಜಗಳವೇ ಇರಬೇಕೆಂದಿಲ್ಲ. ಆತುರಕ್ಕೆ ಎಲ್ಲರಿಗೂ ಹೇಳಿದ ಮಾಲೀಕನೂ ಇರುತ್ತಾನೆ, ಮಾಲೀಕ ಯಾರಿಗೂ ಹೇಳದೆಯೇ ಹತ್ತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮನೆ ಸುತ್ತಾಡುವುದೂ ಉಂಟು. ಆದರೆ ಬೆಲೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ, ಸಹಿ ಹಾಕಬೇಕಾದವರು ಎಷ್ಟು ಜನ ಎಂಬುದು. ವಂಶವೃಕ್ಷ ಕೇಳಿ. ಋಣಭಾರ ಪ್ರಮಾಣ ಪತ್ರ, ಅಂದರೆ ಆಸ್ತಿಯ ಮೇಲಿನ ನೋಂದಣಿಗಳನ್ನು ಪಟ್ಟಿ ಮಾಡುವ, ನಾವೆಲ್ಲ ಇಸಿ ಎಂದು ಕರೆಯುವ ಕಾಗದ, ಇದನ್ನು ಹೇಳುವುದಿಲ್ಲ. ತಂದೆ ತೀರಿಕೊಂಡದ್ದು ಅದರಲ್ಲಿ ಎಲ್ಲಿ ಬರಬೇಕು?

ತಂಗಿಯ ದೃಷ್ಟಿಯಿಂದ ನೋಡಿದರೆ ಈ ಅಸ್ತವ್ಯಸ್ತಕ್ಕೆ ಬೇರೊಂದು ಮುಖವಿದೆ. ಒಬ್ಬನೇ ಏಜೆಂಟು, ಒಂದೇ ಬೆಲೆ, ಎಲ್ಲವೂ ಅಚ್ಚುಕಟ್ಟು ಎಂದಿದ್ದರೆ ಅದು ದೊಡ್ಡಣ್ಣನ ಏಜೆಂಟು, ದೊಡ್ಡಣ್ಣನ ಬೆಲೆ ಆಗಿರುತ್ತಿತ್ತು. ಕೊಳ್ಳುವ ನನಗೆ ತಲೆನೋವಾಗಿದ್ದ ಆ ಮೂರು ಬೆಲೆಗಳಿಂದಲೇ ಅವಳಿಗೆ ತನ್ನ ಕಾಲು ಭಾಗದ ಬೆಲೆ ಎಷ್ಟೆಂದು ತಿಳಿದದ್ದು.

ಏಜೆಂಟು ಯಾರ ಪರ

ದಾವಣಗೆರೆಯ ನನ್ನ ಗೆಳೆಯನೊಬ್ಬ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾನೆ. ಇದನ್ನೆಲ್ಲ ಹೇಳಿದಾಗ ಅವನಿಗೆ ವಿಚಿತ್ರವೆನಿಸಿದ್ದು ಏಜೆಂಟರ ಸಂಖ್ಯೆಯಲ್ಲ, ಕೊಳ್ಳುವವನು ಕಮಿಷನ್ ಕೊಡುವುದು. ಅಲ್ಲಿ ಮಾರುವವರೇ ಕೊಡುತ್ತಾರೆ, ಏಜೆಂಟು ಮಾರುವವರ ಪರ, ಅದರಲ್ಲಿ ಮುಚ್ಚುಮರೆಯಿಲ್ಲ. ಒಬ್ಬರಿಗೇ ಒಪ್ಪಿಸಿದರೆ ಒಂದು ದರ, ಹಲವರಿಗೆ ಒಪ್ಪಿಸಿದರೆ ಹೆಚ್ಚಿನ ದರ. ಮಾರಿದವರಿಗೆ ಮಾತ್ರ ಹಣ ಸಿಗುವುದರಿಂದ ಆ ಅಪಾಯಕ್ಕೆ ಸೇರಿಸಿದ ಬೆಲೆ ಅದು. ಒಬ್ಬರಿಗೇ ಒಪ್ಪಿಸುವ ಕರಾರಿನ ಅರ್ಥವೇನು ಎಂಬುದನ್ನು ಏಜೆಂಟು ಬರವಣಿಗೆಯಲ್ಲಿ ವಿವರಿಸಬೇಕೆಂದು 1991ರ ನಿಯಮಗಳಿವೆ. ಹಾಗಿದ್ದೂ ‘ಈ ಗಿರಾಕಿಯನ್ನು ಕರೆತಂದದ್ದು ನಾವು’ ಎಂದು ಎರಡು ಕಚೇರಿಗಳು ಕಿತ್ತಾಡುವುದು, ಮಾರಿದವನು ಎರಡೆರಡು ಕಮಿಷನ್ ಕಟ್ಟಬೇಕಾಗುವುದು ಅಲ್ಲಿಯೂ ಉಂಟಂತೆ. ಮನುಷ್ಯರು ಎಲ್ಲಿದ್ದರೂ ಅಷ್ಟೇ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ನಮ್ಮಲ್ಲಿ ಬರವಣಿಗೆಯೇ ಇಲ್ಲ. ಸ್ಥಿರಾಸ್ತಿ ಯೋಜನೆಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಏಜೆಂಟರು ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ ನಿಜ, ಆದರೆ ಅದು ರೇರಾದಲ್ಲಿ ನೋಂದಣಿಯಾದ ಯೋಜನೆಗಳ ನಿವೇಶನ, ಫ್ಲ್ಯಾಟುಗಳನ್ನು ಮಾರುವವರಿಗೆ. ಮೂವತ್ತು ವರ್ಷ ಹಳೆಯ ಒಂಟಿ ಮನೆಯನ್ನು ಮಾರಿಸುವವರು ಆ ಬೇಲಿಯ ಹೊರಗಿದ್ದಾರೆ. ಅವರಿಗೆ ಉಳಿಯುವುದು 1872ರ ಕರಾರು ಕಾಯ್ದೆ. ಬೇರೆ ಕರಾರು ಇಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಮುಗಿಯುವವರೆಗೆ ಏಜೆಂಟನಿಗೆ ಪ್ರತಿಫಲ ಸಲ್ಲುವುದಿಲ್ಲ ಎಂದು ಅದರ 219ನೇ ವಿಧಿ ಹೇಳುತ್ತದೆ. ಯಾವ ಕೆಲಸ? ಗೇಟು ತೆರೆದು ತೋರಿಸುವುದೇ, ನಾಲ್ವರನ್ನು ಒಂದು ಮಾತಿಗೆ ತರುವುದೇ, ಖಾತೆ ಮಾಡಿಸುವುದೇ? ಬಾಯಿಮಾತಿನ ಒಪ್ಪಂದದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಕೊಳ್ಳುವವರಿಂದ ಶೇಕಡಾ ಒಂದು, ಮಾರುವವರಿಂದ ಶೇಕಡಾ ಒಂದು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ. ಎರಡೂ ಕಡೆಯಿಂದ ತೆಗೆದುಕೊಳ್ಳುವವನು ಯಾರ ಹಿತ ಕಾಯುತ್ತಾನೆ ಎಂದು ಕೇಳಿದರೆ, “ಇಬ್ಬರದೂ ಸಾರ್” ಎನ್ನುತ್ತಾರೆ, ಮುಖದ ಒಂದು ಗೆರೆಯೂ ಅಲ್ಲಾಡದೆ.

ಟೋಕನ್

ಹಲವು ಏಜೆಂಟರ ಮನೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಕಮಿಷನ್ನಿಗಲ್ಲ, ಟೋಕನ್ನಿಗೆ. ದೊಡ್ಡ ಮಗ ಒಬ್ಬರಿಂದ ಎರಡು ಲಕ್ಷ ತೆಗೆದುಕೊಂಡಿರಬಹುದು, ಚಿಕ್ಕವನು ಇನ್ನೊಬ್ಬರಿಂದ. ಯಾರ ಕೈಯಲ್ಲೂ ಸರಿಯಾದ ಕಾಗದ ಇರುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ವಿಧಿಯ ಪ್ರಕಾರ ಮಾರಾಟದ ಕರಾರು ಮಾತ್ರದಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಕರಾರಿಗೇ ಹೀಗಿದ್ದರೆ ಟೋಕನ್ನಿನ ಚೀಟಿಗೆ ಏನಿದೆ? ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ತೆಗೆದ ಇಸಿಯಲ್ಲಿ ಬರುವುದು ನೋಂದಣಿಯಾದ ದಸ್ತಾವೇಜುಗಳು ಮಾತ್ರ. ಇನ್ನೊಬ್ಬ ಏಜೆಂಟನ ಮೂಲಕ ನಿನ್ನೆ ಸಂಜೆ ಸ್ಟ್ಯಾಂಪ್ ಪೇಪರಿನ ಮೇಲೆ ಬರೆದುಕೊಂಡ ಅಗ್ರಿಮೆಂಟು ಅದರಲ್ಲಿ ಕಾಣುವುದಿಲ್ಲ. ಸ್ವಚ್ಛವಾದ ಇಸಿ ಹಿಡಿದುಕೊಂಡು ನಿಶ್ಚಿಂತೆಯಿಂದ ಇರುವವರನ್ನು ಕಂಡರೆ ನನಗೆ ಅದಕ್ಕೇ ಭಯ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಮಾತನ್ನು ಟೋಕನ್ ಕೊಟ್ಟವರಷ್ಟು ಚೆನ್ನಾಗಿ ಬಲ್ಲವರು ಇಲ್ಲ.

ಟೋಕನ್ನನ್ನು ನಗದಿನಲ್ಲಿ ಕೊಡಿ ಎಂದು ಝೆರಾಕ್ಸಿನವರು ಹೇಳಿದ್ದರು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಮುಟ್ಟಿದ ನಗದು ಮುಂಗಡವನ್ನು 2015ರಿಂದ ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂದೆ. “ಅದೆಲ್ಲ ಕಾಯ್ದೆ ಸಾರ್” ಎಂದರು. ಟೋಕನ್ ಎಂಬುದನ್ನೇ ಬಿಟ್ಟು ನೇರವಾಗಿ ಕರಾರಿಗೆ ಹೋಗೋಣ, ನಾಲ್ವರೂ ಸಹಿ ಹಾಕಲಿ, ಮುಂಗಡ ನಾಲ್ಕು ಚೆಕ್ಕುಗಳಾಗಿ ನಾಲ್ವರ ಖಾತೆಗೆ ಹೋಗಲಿ, ಬೇರೆ ಯಾರಿಂದಲೂ ಹಣ ಪಡೆದಿಲ್ಲವೆಂದು ಅದರಲ್ಲೇ ಬರೆಯಲಿ ಎಂದು ನಾನು ಹಟ ಹಿಡಿದೆ. ಇದಕ್ಕೆ ಒಪ್ಪಿದವರು ಮಗಳ ಕಡೆಯ ಗುಮಾಸ್ತರೊಬ್ಬರೇ. ಆಷಾಢ ಕಳೆಯಲಿ ಎಂದು ನಮ್ಮ ಅತ್ತೆಯವರು ಬೇರೆ ತಡೆದರು. ಆ ತಿಂಗಳು ಬೇರೆ ಗಿರಾಕಿಗಳೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಾನೂ ಸುಮ್ಮನಾದೆ.

ಭಾನುವಾರದ ಮಾತುಕತೆ

ಶ್ರಾವಣದ ಒಂದು ಭಾನುವಾರ ಎಲ್ಲರೂ ಆ ಮನೆಯ ಹಾಲಿನಲ್ಲಿ ಕುಳಿತೆವು. ದಿವಾನದ ಮೇಲೆ ತಾಯಿ. ಎದುರಿಗೆ ದೊಡ್ಡ ಮಗ. ಪುಣೆಯವನು ಮೊಬೈಲಿನಲ್ಲಿ, ಮೊಬೈಲು ಟೀಪಾಯಿಯ ಮೇಲೆ ಒಂದು ತಂಬಿಗೆಗೆ ಒರಗಿಕೊಂಡು. ಆಗಾಗ ಅದು ಜಾರಿ ಅವನಿಗೆ ಚಾವಣಿ ಮಾತ್ರ ಕಾಣುತ್ತಿತ್ತು, ಯಾರಾದರೂ ಎತ್ತಿ ನಿಲ್ಲಿಸುವವರೆಗೆ ಅವನು ಫ್ಯಾನಿನ ಜೊತೆ ಚೌಕಾಶಿ ಮಾಡುತ್ತಿದ್ದ. ತಂಗಿ ಅಡುಗೆಮನೆಯ ಬಾಗಿಲಲ್ಲಿ ಮೊಣಕೈ ಊರಿ ನಿಂತಿದ್ದಳು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ, ಅವಳೂ ಕುಳಿತುಕೊಳ್ಳಲಿಲ್ಲ. ಏಜೆಂಟರು ಮೂವರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಒಬ್ಬರ ಮುಖ ಒಬ್ಬರು ನೋಡದಂತೆ. ಜಯನಗರದ ಹುಡುಗ ಟ್ಯಾಬ್ಲೆಟ್ ತೆಗೆದು ಅಕ್ಕಪಕ್ಕದ ಮನೆಗಳ ದರ ತೋರಿಸಲು ಹೊರಟಾಗ ತಾಯಿ, “ಅದು ರಾಯರ ಮನೆ, ಅವರು ಮಾರುವುದಿಲ್ಲವಲ್ಲ” ಎಂದರು. ಅವನು ಟ್ಯಾಬ್ಲೆಟ್ ಮಡಚಿಟ್ಟ.

ದೊಡ್ಡ ಮಗ ತನ್ನ ಲೆಕ್ಕ ಹೇಳಿದ. ಎರಡು ಹತ್ತು, ಅದರಲ್ಲಿ ಅರವತ್ತು ಲಕ್ಷ ನಗದು, ಉಳಿದದ್ದಕ್ಕೆ ನೋಂದಣಿ. ನನಗೆ ಬ್ಯಾಂಕ್ ಸಾಲ ಬೇಕಿತ್ತು. ಬ್ಯಾಂಕು ಕ್ರಯಪತ್ರದಲ್ಲಿ ಇರುವ ಮೊತ್ತ ನೋಡಿ ಸಾಲ ಕೊಡುತ್ತದೆಯೇ ಹೊರತು ಚೀಲದಲ್ಲಿರುವುದಕ್ಕಲ್ಲ. ನಾನು ಅದನ್ನು ಹೇಳುವ ಮೊದಲೇ ಬಾಗಿಲಿನಿಂದ ತಂಗಿ, “ನನ್ನ ಪಾಲು ಚೆಕ್ಕಿನಲ್ಲಿ ಬರಲಿ” ಎಂದಳು. ಝೆರಾಕ್ಸಿನವರು, “ಅಮ್ಮ, ಹಾಗಾದರೆ ನಿಮಗೆ ತೆರಿಗೆ ಬೀಳುತ್ತದೆ” ಎಂದು ಹಿತವಚನ ಹೇಳಿದರು. “ಬೀಳಲಿ. ತೆರಿಗೆ ನಾನು ಕಟ್ಟುತ್ತೇನೆ, ನೀವು ಕಟ್ಟುವುದಿಲ್ಲವಲ್ಲ.” ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೊಬೈಲಿನಿಂದ, “ಏನಾಯಿತು, ಕೇಳಿಸುತ್ತಿಲ್ಲ” ಎಂಬ ದನಿ ಮಾತ್ರ ಬರುತ್ತಿತ್ತು. ಕೊನೆಗೆ ಎರಡು ಕೋಟಿ ಇಪ್ಪತ್ತು ಲಕ್ಷಕ್ಕೆ, ಪೂರ್ತಿ ಬ್ಯಾಂಕಿನ ಮೂಲಕ ಎಂದು ತೀರ್ಮಾನವಾಯಿತು. ಏಜೆಂಟರಲ್ಲಿ ಒಬ್ಬರೂ ಆ ಬೆಲೆಯನ್ನು ತಂದವರಲ್ಲ. ಅದನ್ನು ತಂದದ್ದು ಅವಳ ಒಂದು ವಾಕ್ಯ.

ಅಲ್ಲಿಂದ ಮುಂದಿನದು ಕಾಗದದ ಕೆಲಸ. ಪಾಲಿಕೆಯಲ್ಲಿ ಮನೆಯ ಖಾತೆ ಇನ್ನೂ ತೀರಿಕೊಂಡ ಯಜಮಾನರ ಹೆಸರಿನಲ್ಲೇ ಇತ್ತು. ಇ-ಖಾತಾ, ಅಂದರೆ ಗಣಕೀಕೃತ ಖಾತೆ, ಇಲ್ಲದೆ ನಗರದಲ್ಲಿ ನೋಂದಣಿ ಆಗುವುದಿಲ್ಲ ಎಂಬ ನಿಯಮ 2024ರ ಅಕ್ಟೋಬರಿನಲ್ಲಿ ಬಂದ ಮೇಲೆ ಇಂಥ ಮನೆಗಳ ಕಥೆಯೆಲ್ಲ ಅಲ್ಲೇ ನಿಲ್ಲುತ್ತದೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ತೆರಿಗೆ ರಸೀದಿ, ನಾಲ್ವರ ಆಧಾರ್ ಎಲ್ಲವನ್ನೂ ಹೊಂದಿಸಿ ಕಚೇರಿಯಿಂದ ಕಚೇರಿಗೆ ಅಲೆದವರು ಗುಮಾಸ್ತರು. ಅವರ ಪ್ಲಾಸ್ಟಿಕ್ ಫೈಲು ಎರಡಾಯಿತು. ಅಷ್ಟರಲ್ಲಿ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇಕಡಾ ಒಂದರಿಂದ ಎರಡಕ್ಕೆ ಏರಿಸಿತು. 2025ರ ಆಗಸ್ಟ್ 31ರಿಂದ ಜಾರಿ. ನಮ್ಮ ನೋಂದಣಿ ಅದಾದ ಮೇಲೆ ಬಂತು. ಮುದ್ರಾಂಕ ಶುಲ್ಕ, ಸೆಸ್ಸುಗಳ ಜೊತೆಗೆ ಎರಡು ಲಕ್ಷ ಇಪ್ಪತ್ತು ಸಾವಿರ ಹೆಚ್ಚು. ಸರಿಯಾಗಿ ಒಬ್ಬ ಏಜೆಂಟನ ಕಮಿಷನ್ನಿನಷ್ಟು! ಐವತ್ತು ಲಕ್ಷ ಮುಟ್ಟಿದ ಆಸ್ತಿಗೆ ಕೊಳ್ಳುವವರು ಮಾರುವವರ ಹಣದಿಂದ ಶೇಕಡಾ ಒಂದು ತೆರಿಗೆ ಹಿಡಿದು ಕಟ್ಟಬೇಕಲ್ಲ, ಅದಕ್ಕೆ ಪ್ರತಿಯೊಬ್ಬ ಕೊಳ್ಳುವವರಿಗೂ ಪ್ರತಿಯೊಬ್ಬ ಮಾರುವವರಿಗೂ ಬೇರೆಬೇರೆ ಫಾರಂ ತುಂಬಬೇಕಾಯಿತು. ನಾವಿಬ್ಬರು, ಅವರು ನಾಲ್ವರು, ಒಟ್ಟು ಎಂಟು ಫಾರಂ. ಏಜೆಂಟರ ಸಂಖ್ಯೆಗಿಂತ ಮಾಲೀಕರ ಸಂಖ್ಯೆ ತಲೆಗೆ ಎಷ್ಟು ಭಾರ ಎಂಬುದು ಆ ರಾತ್ರಿ ಲ್ಯಾಪ್‌ಟಾಪಿನ ಮುಂದೆ ತಿಳಿಯಿತು.

ಯಾರಿಗೆ ಎಷ್ಟು

ನಾಲ್ಕನೆಯ ಏಜೆಂಟರ ವಿಷಯ ಹೇಳದೆ ಉಳಿದಿದೆ. ನೋಂದಣಿಯ ಸುದ್ದಿ ಹೇಗೋ ತಿಳಿದು ಒಬ್ಬರು ಫೋನ್ ಮಾಡಿದರು. ವಾಟ್ಸ್ಆ್ಯಪ್‌ನಲ್ಲಿ ಆ ಮನೆಯ ಚಿತ್ರ ನನಗೆ ಕಳುಹಿಸಿದ್ದು ತಾವೇ ಎಂದು ಅವರ ವಾದ. ಹುಡುಕಿ ನೋಡಿದರೆ ನಿಜ, ಕೇರಂ ಬೋರ್ಡಿನ ಮೇಲಿನ ದಪ್ಪಕ್ಷರ ಅವರದೇ. ಎರಡು ನಲವತ್ತರ ಬೆಲೆಯನ್ನೂ ಜಯನಗರದವರ ಜಾಹೀರಾತಿನಿಂದ ಹಾಗೆಯೇ ಎತ್ತಿದ್ದರು. ಆ ಮನೆಯ ನಾಲ್ವರಲ್ಲಿ ಯಾರಿಗೂ ಅವರ ಪರಿಚಯವಿಲ್ಲ, ಮನೆಯ ಮುಂದೆ ಅವರು ಎಂದೂ ನಿಂತವರಲ್ಲ. ನಾನು ಕೊಡುವುದಿಲ್ಲ ಎಂದೆ. “ಏನಾದರೂ ನೋಡಿ ಸಾರ್” ಎಂದು ಇನ್ನೆರಡು ಸಲ ಹೇಳಿ ಬಿಟ್ಟುಬಿಟ್ಟರು. ಜಯನಗರದ ಕಚೇರಿ ನನ್ನನ್ನು ಕೇಳಲೇ ಇಲ್ಲ. ಪುಣೆಯ ಮಗನಿಗೆ ಜಿಎಸ್‌ಟಿ ಸೇರಿಸಿ ಬಿಲ್ಲು ಕಳುಹಿಸಿತಂತೆ. ಇಡೀ ವ್ಯವಹಾರದಲ್ಲಿ ಬಿಲ್ಲು ಎಂಬ ವಸ್ತು ಹುಟ್ಟಿದ್ದು ಅದೊಂದೇ ಕಡೆ.

ಉಳಿದವರು ಇಬ್ಬರು. ಝೆರಾಕ್ಸಿನವರು ನೋಟ್‌ಬುಕ್ ತೆರೆದು ನನ್ನ ಸಹಿ ತೋರಿಸಿದರು. ಗುಮಾಸ್ತರು ಏನೂ ತೋರಿಸಲಿಲ್ಲ, ಎರಡು ಫೈಲುಗಳನ್ನು ಮೇಜಿನ ಮೇಲಿಟ್ಟು ಕುಳಿತರು. ವ್ಯವಹಾರ ನಿಜವಾಗಿ ಕುದುರಿದ್ದು ಯಾರ ಪ್ರಯತ್ನದಿಂದ ಎಂಬುದು ಇಂಥ ತಕರಾರುಗಳಲ್ಲಿ ನ್ಯಾಯಾಲಯಗಳು ಕೇಳುವ ಪ್ರಶ್ನೆ. ಅದರಂತೆ ನೋಡಿದರೆ ಹಣ ಪೂರ್ತಿ ಗುಮಾಸ್ತರದು. ವಕೀಲರಾದ ನನ್ನ ಭಾವನೂ ಅದನ್ನೇ ಹೇಳಿದರು. ನನಗೆ ಅದು ಒಗ್ಗಲಿಲ್ಲ. ತೋರಿಸುವುದು ಕೆಲಸವೇ ಅಲ್ಲ ಎನ್ನುವವರು ಆ ಮೋರಿಯ ಮಾತನ್ನು ಕೇಳಿಸಿಕೊಂಡವರಲ್ಲ. ಕಮಿಷನ್ನಿಗೆ ಅಡ್ಡಿಯಾಗಬಹುದಾದ ಒಂದು ಸತ್ಯವನ್ನು ಕೇಳದೆಯೇ ಹೇಳಿದ ಮನುಷ್ಯ ಅವರು. ಸಹಿಯ ಪುಸ್ತಕಕ್ಕೆ ನಾನು ಹಣ ಕೊಡುವುದಿಲ್ಲ, ಮೋರಿಗೆ ಕೊಡುತ್ತೇನೆ ಎಂದು ಭಾವನಿಗೆ ಹೇಳಿದೆ. ಅವರು ನಕ್ಕು ಸುಮ್ಮನಾದರು.

ಝೆರಾಕ್ಸಿನವರಿಗೆ ಎಪ್ಪತ್ತು ಸಾವಿರ, ಗುಮಾಸ್ತರಿಗೆ ಒಂದೂವರೆ ಲಕ್ಷ, ಎರಡೂ ಬ್ಯಾಂಕಿನ ಮೂಲಕ. ಝೆರಾಕ್ಸಿನವರು ಗೊಣಗಿ ತೆಗೆದುಕೊಂಡರು. ದೊಡ್ಡ ಮಗನಿಂದ ಅವರಿಗೆ ಬೇರೆ ಬರುವುದಿತ್ತು. ಗುಮಾಸ್ತರು ಗೊಣಗಲಿಲ್ಲ, ವಾದಿಸಿದರು. ಇನ್ನೊಬ್ಬರಿಗೆ ಕೊಟ್ಟ ಎಪ್ಪತ್ತು ತಮ್ಮ ಶೇಕಡಾ ಒಂದರಿಂದ ಕಡಿತವಾಗಬಾರದು, ಅದು ನನ್ನ ಧಾರಾಳತನ, ಅದರ ಖರ್ಚು ತಮ್ಮದಲ್ಲ ಎಂದರು. ಅವರ ಮಾತು ಸರಿಯಾಗಿತ್ತು. ಇಪ್ಪತ್ತು ಸಾವಿರ ಸೇರಿಸಿದೆ. ಉಳಿದ ಐವತ್ತನ್ನು ಮಗಳ ಕಡೆಯಿಂದ ಕೇಳುತ್ತೇನೆ ಎಂದು ಫೈಲು ಕಂಕುಳಿಗೆ ಸೇರಿಸಿ ಎದ್ದರು. ಅವಳ ಕೈಯಿಂದ ತೆಗೆದುಕೊಳ್ಳಬೇಡಿ ಎಂದು ಹೇಳಲು ನನಗೆ ಮನಸ್ಸಿತ್ತು, ಹಾಗೆ ಹೇಳಬೇಕಾದರೆ ಐವತ್ತು ಸಾವಿರ ನಾನೇ ಕೊಡಬೇಕಾಗುತ್ತಿತ್ತು.